ಭಾನುವಾರದ ಫೈವ್ ನೈನ್

ಮೈಕನ್ನು ಹಳೆಯ ಟವೆಲಿನ ಮೇಲೆ ಮಲಗಿಸಿ ಫರೀದಾ ಅದರ ಬುಡದ ತಿರುಪುಗಳನ್ನು ಬಿಚ್ಚಿದಳು. ಕ್ರೋಮ್ ಬಳಿದ ದುಂಡು ತಲೆ, ಸಪೂರ ಕತ್ತು, ಅಗಲವಾದ ಭಾರದ ಬುಡ. ನಿಲ್ಲಿಸಿದರೆ ದೊಡ್ಡದೊಂದು ಲಾಲಿಪಾಪ್‌ನ ಹಾಗೆ ಕಾಣುತ್ತಿತ್ತು. ಡೆಟ್ರಾಯ್ಟ್ ಹೊರವಲಯದಲ್ಲಿ ಹವ್ಯಾಸಿ ರೇಡಿಯೊದವರು ವರ್ಷಕ್ಕೊಮ್ಮೆ ಹಳೆಯ ಸಾಮಾನು ಹರಡಿಕೊಂಡು ಕೂರುವ ಹ್ಯಾಮ್‌ಫೆಸ್ಟ್‌ನಿಂದ ಇಸ್ಹಾಕ್ ಅದನ್ನು ಕಳೆದ ವಾರ ಹೊತ್ತು ತಂದಿದ್ದ. ತಂದವನು ಹೆಂಡತಿಗೆ ತೋರಿಸಿದ್ದು ಮಾತ್ರ ಇವತ್ತು ಬೆಳಿಗ್ಗೆ.

"ಹತ್ತಕ್ಕೆ ನೆಟ್ಟು. ಅಷ್ಟರಲ್ಲಿ ಆಗತ್ತಾ?"

ಅವನ ದನಿ ಬಾಯಿಂದ ಹೊರಡುವಾಗಲೇ ಅರ್ಧ ಗಾಳಿಯಾಗಿ ಹೋಗುತ್ತಿತ್ತು. ಪಕ್ಕದಲ್ಲೇ ಕೂತಿದ್ದರಿಂದ ಅವಳಿಗೆ ತಿಳಿಯಿತು. ಗಂಡನ ಮಾತನ್ನು ಅರ್ಧ ಕಿವಿಯಲ್ಲಿ ಕೇಳಿ ಇನ್ನರ್ಧವನ್ನು ತುಟಿ ನೋಡಿ ಹಿಡಿಯುವುದನ್ನು ಅವಳು ಈ ಚಳಿಗಾಲದಲ್ಲಿ ಕಲಿತಿದ್ದಳು.

ಆಗುತ್ತದೆ ಎಂದಳು.

"ಸರಿ. ಇದ್ರಲ್ಲಿ ವಿಜಯ್‌ಗೆ ನಾನು ಕೇಳಿಸಿದ್ರೆ ಮಂಗಳವಾರ ಆಪರೇಷನ್ ಇಲ್ಲ. ಕೇಳಿಸ್ಲಿಲ್ಲ ಅಂದ್ರೆ ನೀನು ಹೇಳಿದ ಹಾಗೆ. ಮತ್ತೆ ವಾದ ಬೇಡ."

ಅವಳು ತಲೆಯಾಡಿಸಿದಳು. ಒಪ್ಪಿದ್ದಕ್ಕೋ, ಬೆಸುಗೆ ಕಡ್ಡಿ ಕಾದಿದ್ದಕ್ಕೋ ಅವನು ಹೇಗೆ ಬೇಕಾದರೂ ತಿಳಿದುಕೊಳ್ಳಬಹುದಿತ್ತು.

ಮಹಡಿಯ ಮೇಲೆ ಅವರದು ಉರ್ದು. ಬೇಸ್‌ಮೆಂಟಿನ ಮೆಟ್ಟಿಲು ಇಳಿದು ರೇಡಿಯೊ ಮುಂದೆ ಕೂತರೆ ಇಸ್ಹಾಕ್ ಹೆಂಡತಿಯ ಜೊತೆಗೂ ಕನ್ನಡಕ್ಕೆ ತಿರುಗುತ್ತಿದ್ದ. ರೇಡಿಯೊದವರು ಒಂದೇ ಹೊತ್ತಿಗೆ ಸೇರಿ ಸರದಿಯಲ್ಲಿ ಮಾತಾಡುವ ಭಾನುವಾರದ ಕೂಟ, ನೆಟ್, ಕನ್ನಡದ್ದು. ಇಲ್ಲಿ ಕ್ಯಾಂಟನ್‌ನಲ್ಲಿ ಇವನು, ಇನ್ನೂರೈವತ್ತು ಮೈಲಿ ಆಚೆ ಶಾಮ್‌ಬರ್ಗ್‌ನಲ್ಲಿ ವಿಜಯ್ ಕುಮಾರ್, ನಡುವೆ ಅಲ್ಲಲ್ಲಿ ಇನ್ನು ಕೆಲವರು. ಲೈಸೆನ್ಸಿನ ಜೊತೆ ಸಿಕ್ಕ ಕರೆಗುರುತನ್ನು ಇಂಗ್ಲಿಷಿನಲ್ಲಿ ಹೇಳಬೇಕೆಂದು ಕಾನೂನು, ಉಳಿದದ್ದೆಲ್ಲ ಕನ್ನಡ. ಯಾರ ಮನೆಯ ಚಾವಣಿ ಸೋರಿತು, ಯಾರ ಆಂಟೆನಾ ಮೇಲೆ ಹಿಮ ಕೂತಿತು, ಇಂಥದ್ದೇ ಸುದ್ದಿ. ಹತ್ತು ವರ್ಷ ಆ ನೆಟ್ ನಡೆಸಿದವನು ಇಸ್ಹಾಕ್. ಸೆಪ್ಟೆಂಬರಿನಿಂದ ವಿಜಯ್ ನಡೆಸುತ್ತಿದ್ದ.

ಸೆಪ್ಟೆಂಬರಿನಲ್ಲಿ ಇಸ್ಹಾಕನ ಕತ್ತಿನಿಂದ ಥೈರಾಯ್ಡ್ ಗಡ್ಡೆ ತೆಗೆದಿದ್ದರು. ಗಡ್ಡೆ ನರವೊಂದಕ್ಕೆ ಸುತ್ತಿಕೊಂಡಿತ್ತು. ನರ ಉಳಿಯುವುದು ಸಾಧ್ಯವಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ಉಳಿಯಲಿಲ್ಲ. ಎಡಗಡೆಯ ಧ್ವನಿತಂತು ಅಲುಗಾಡದೆ ಬಿದ್ದುಕೊಂಡಿತು. ಎರಡು ತಂತುಗಳು ಒಂದನ್ನೊಂದು ಮುಟ್ಟದಿದ್ದರೆ ಮಾತಿನ ಗಾಳಿ ಮೇಲಕ್ಕೆ ಸೋರುತ್ತದೆ, ಕುಡಿದ ನೀರು ಕೆಳಕ್ಕೆ, ಶ್ವಾಸಕೋಶಕ್ಕೆ ಸೋರುತ್ತದೆ. ಜನವರಿಯಲ್ಲಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿ ಬಂದ. ಅಂದಿನಿಂದ ಫರೀದಾ ಅವನ ಚಹಾಕ್ಕೂ ನೀರಿಗೂ ಗಟ್ಟಿ ಮಾಡುವ ಪುಡಿ ಕಲೆಸಿ ಕೊಡುತ್ತಿದ್ದಳು. ಗಂಜಿಯಂಥ ಚಹಾವನ್ನು ಅವನು ಮುಖ ಕಿವುಚಿಕೊಂಡು ಕುಡಿಯುತ್ತಿದ್ದ. ಅವಳು ಕೆಲಸದಿಂದ ಮರಳಿದಾಗ ಸಿಂಕಿನಲ್ಲಿ ತೆಳು ಚಹಾದ ಕಲೆಯಿದ್ದ ಲೋಟ ಸಿಗುತ್ತಿತ್ತು.

ಮಂಗಳವಾರದ ಆಪರೇಷನ್ ಚಿಕ್ಕದು. ಬಿದ್ದುಕೊಂಡ ತಂತುವಿನ ಪಕ್ಕಕ್ಕೆ ಸಣ್ಣದೊಂದು ತುಣುಕು ಸೇರಿಸಿ ಅದನ್ನು ನಡುವಿಗೆ ತಳ್ಳುವುದು. ಇನ್ನೊಂದು ನ್ಯುಮೋನಿಯಾ ಬಂದರೆ ಇವರು ತಡೆದುಕೊಳ್ಳುವುದು ಕಷ್ಟ ಎಂದು ಡಾಕ್ಟರು ಅವನಿಗಲ್ಲ, ಇವಳ ಮುಖ ನೋಡಿ ಹೇಳಿದ್ದರು. ಇಸ್ಹಾಕನಿಗೆ ಹೆದರಿಕೆ ಬೇರೆಯದು. ಎಚ್ಚರ ಇರುವಾಗಲೇ ಕತ್ತು ಕೊಯ್ದು, ಈಗ ಮಾತಾಡಿ, ಈಗ ಎಣಿಸಿ ಎಂದು ಹೇಳಿಸುತ್ತಾ ತುಣುಕನ್ನು ಹೊಂದಿಸುತ್ತಾರಂತೆ. ಮೊದಲ ಸಲ ಕತ್ತಿಗೆ ಚಾಕು ಹಾಕಿದಾಗ ಅರ್ಧ ದನಿ ಹೋಯಿತು, ಎರಡನೆಯ ಸಲ ಉಳಿದರ್ಧವೂ ಹೋಗುತ್ತದೆ ಎನ್ನುವುದು ಅವನ ಲೆಕ್ಕ. ಮಗಳು ಅನಮ್ ಫೋನಿನಲ್ಲಿ ಇಂಗ್ಲಿಷಿನಲ್ಲೇ ಬೈದು, ಅತ್ತು, ಸುಮ್ಮನಾಗಿದ್ದಳು.

ಅವನ ಬಳಿ ಇದ್ದ ಸಾಕ್ಷಿ ಒಂದೇ. ಪ್ರತಿ ಭಾನುವಾರ ವಿಜಯ್ ಅವನಿಗೆ "ಫೈವ್ ನೈನ್" ಕೊಡುತ್ತಿದ್ದ.

ರೇಡಿಯೊದವರು ಒಬ್ಬರಿಗೊಬ್ಬರು ಕೊಡುವ ವರದಿ ಅದು. ಮೊದಲ ಅಂಕಿ ಮಾತು ಎಷ್ಟು ತಿಳಿಯುತ್ತದೆ ಎನ್ನುವುದಕ್ಕೆ, ಐದರಲ್ಲಿ. ಎರಡನೆಯದು ಎಷ್ಟು ಜೋರಾಗಿ ಬರುತ್ತದೆ ಎನ್ನುವುದಕ್ಕೆ, ಒಂಬತ್ತರಲ್ಲಿ. ಫೈವ್ ನೈನ್ ಅಂದರೆ ಪೂರ್ತಿ ಮಾರ್ಕ್ಸು. ಕನ್ನಡದ ನೆಟ್‌ನಲ್ಲಿ ಇದಕ್ಕಿಂತ ಕಡಿಮೆ ಕೊಟ್ಟದ್ದನ್ನು ಫರೀದಾ ಕೇಳಿಯೇ ಇರಲಿಲ್ಲ. ಊಟ ಹೇಗಿತ್ತು ಎಂದು ಕೇಳಿದವರ ಮುಖಕ್ಕೆ ಉಪ್ಪು ಕಡಿಮೆ ಎಂದು ಹೇಳುವವರು ಆ ಗುಂಪಿನಲ್ಲಿ ಯಾರೂ ಇರಲಿಲ್ಲ. ಇದನ್ನು ಅವಳು ಎರಡು ಸಲ ಅವನಿಗೆ ಹೇಳಿದ್ದಳು. ನಿನಗೆ ಲೈಸೆನ್ಸಿಲ್ಲ, ನಿನಗೇನು ಗೊತ್ತು ಎಂದಿದ್ದ. ಹಾಗಾದರೆ ತನ್ನ ದನಿ ತನಗೇ ಕೇಳಿಸುವ ಗುಂಡಿ ರೇಡಿಯೊದಲ್ಲಿದೆಯಲ್ಲ, ಒತ್ತಿ ನೋಡಿ ಎಂದಿದ್ದಳು. ಅದನ್ನವನು ಸೆಪ್ಟೆಂಬರಿನಿಂದ ಮುಟ್ಟಿರಲಿಲ್ಲ.

ಬುಡದೊಳಗೆ ಪುಟ್ಟ ಆಂಪ್ಲಿಫೈಯರ್, ಒಂದು ಬ್ಯಾಟರಿ, ಬಣ್ಣ ಮಾಸಿದ ಐದು ತಂತಿಗಳು. ಪ್ಲಿಮತ್‌ನ ಕಾರಿನ ಬಿಡಿಭಾಗದ ಕಂಪನಿಯಲ್ಲಿ ವೈರಿಂಗ್ ತಪಾಸಣೆ ಫರೀದಾಳ ಕೆಲಸ. ತಂತಿಗಳ ಮುಂದೆ ಅವಳ ಕೈ ನಡುಗುವುದಿಲ್ಲ. ಮಾತಿನ ತಂತಿ ಒಂದು, ಅದನ್ನು ಸುತ್ತಿದ ಜಾಲರಿ ಒಂದು, ಮೈಕಿನ ಕತ್ತಿನಲ್ಲಿರುವ ಪಟ್ಟಿ ಒತ್ತಿದಾಗ ರೇಡಿಯೊವನ್ನು ಕಳಿಸುವ ಕಡೆಗೆ ತಿರುಗಿಸುವ ತಂತಿ ಒಂದು. ಇವನ್ನು ಹೊಸ ರೇಡಿಯೊದ ಎಂಟು ಕಾಲಿನ ಪ್ಲಗ್ಗಿಗೆ ಸೇರಿಸಬೇಕು. ಹೊಸ ರೇಡಿಯೊ ತನ್ನ ಮೈಕಿಗೆ ತಾನೇ ಕರೆಂಟು ಕಳಿಸುತ್ತದೆ, ಹಳೆಯ ಮೈಕಿಗೆ ಅದು ಬೇಡ; ಹಾಗಾಗಿ ನಡುವೆ ಒಂದು ಕೆಪಾಸಿಟರ್ ಕೂರಿಸಿದಳು. ಜೋಡಿಸಿ ಹಚ್ಚಿದಾಗ ಅವಳ ಹೆಡ್‌ಫೋನಿನ ತುಂಬ ದುಂಬಿ ಹೊಕ್ಕಂಥ ಗುಂಯ್‌ಗುಡುವ ಸದ್ದು. ಜಾಲರಿಯನ್ನು ಎರಡೂ ತುದಿಯಲ್ಲಿ ಅರ್ಥಿಂಗಿಗೆ ಸೇರಿಸಿದ್ದೇ ತಪ್ಪೆಂದು ಅವಳಿಗೆ ಹೊಳೆಯಿತು. ಒಂದು ತುದಿಯನ್ನು ಬಿಡಿಸಿದಳು. ದುಂಬಿ ಹೋಯಿತು.

ಮೊದಲು ಆಂಟೆನಾ ಬದಲು ಡಮ್ಮಿ ಲೋಡಿಗೆ ಸೇರಿಸಿ ನೋಡಿದರು. ಅದು ರೇಡಿಯೊದ ಶಕ್ತಿಯನ್ನು ನುಂಗಿ ಬಿಸಿ ಮಾಡುವ ಡಬ್ಬಿ; ಮಾತು ಮನೆ ಬಿಟ್ಟು ಹೋಗುವುದಿಲ್ಲ. ದನಿಯನ್ನು ಹೆಚ್ಚು ಕಡಿಮೆ ಮಾಡುವ ತಿರುಪು ಮೈಕಿನ ಬುಡದ ಅಡಿಗೆ, ಒಂದು ತೂತಿನೊಳಗೆ ಇತ್ತು. ಇಬ್ಬರು ಬೇಕಾದ ಕೆಲಸ. ಒಬ್ಬರು ಮಾತಾಡಬೇಕು, ಇನ್ನೊಬ್ಬರು ಬುಡವನ್ನು ಎತ್ತಿ ಹಿಡಿದು ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸಬೇಕು. ಇಸ್ಹಾಕ್ ಒಂದರಿಂದ ಎಣಿಸಿದ. ದನಿಯ ಮಟ್ಟ ತೋರಿಸುವ ರೇಡಿಯೊದ ಮುಳ್ಳು ಮಲಗಿಯೇ ಇತ್ತು. ಫರೀದಾ ಕಾಲು ಸುತ್ತು ತಿರುಗಿಸಿದಳು. ಇನ್ನೂ ಕಾಲು. ಮುಳ್ಳು ನಡುಗಿತು. ಮುಕ್ಕಾಲು ಸುತ್ತಿಗೆ ಅದು ಎದ್ದು, ಅವನ ಒಂದೊಂದು ಅಂಕಿಗೂ ಕುಣಿಯತೊಡಗಿತು.

ಅವನ ಮುಖ ಅರಳಿತು. ಅವಳದು ಅರಳಲಿಲ್ಲ.

ಈ ರೇಡಿಯೊ ಕೆಲಸ ಮಾಡುವ ರೀತಿ ಅವಳಿಗೆ ಗೊತ್ತಿತ್ತು. ಮಾತಿದ್ದರಷ್ಟೇ ಆಂಟೆನಾದಿಂದ ಶಕ್ತಿ ಹೊರಡುತ್ತದೆ; ಮಾತಿಲ್ಲದಿದ್ದರೆ ಆಕಾಶಕ್ಕೆ ಏನೂ ಹೋಗುವುದಿಲ್ಲ. ಮುಳ್ಳು ಇಷ್ಟು ಕುಣಿದರೆ ಶಾಮ್‌ಬರ್ಗ್‌ವರೆಗೂ ಏನೋ ಹೋಗಿಯೇ ಹೋಗುತ್ತದೆ. ವಿಜಯ್ ಈ ಸಲ ಫೈವ್ ನೈನ್ ಅಂದರೆ ಅದರಲ್ಲಿ ಸ್ವಲ್ಪ ಸತ್ಯವೂ ಇರುತ್ತದೆ. ಆಮೇಲೆ ತೆಳು ಚಹಾ, ಕೆಮ್ಮು, ಜ್ವರ.

"ನೋಡಿದ್ಯಾ? ದನಿ ಇದೆ. ಎತ್ಕೊಳ್ಳೋ ಮೈಕ್ ಇರ್ಲಿಲ್ಲ ಅಷ್ಟೆ," ಎಂದ ಇಸ್ಹಾಕ್. ಆಂಟೆನಾ ಸೇರಿಸಿದ. ಬುಡದ ಮುಚ್ಚಳ ಹಾಕುವುದು ಬೇಡ, ಮಾತಿನ ನಡುವೆ ಮುಳ್ಳು ಕೆಂಪಿಗೆ ಹೋದರೆ ತಗ್ಗಿಸಬೇಕಾಗುತ್ತದೆ, ಹಾಗೇ ಹಿಡಿದುಕೊಂಡಿರು ಎಂದು ಅವಳಿಗೆ ಹೇಳಿದ.

ಹತ್ತಕ್ಕೆ ಸ್ಪೀಕರಿನ ಮೊರೆತದ ಮೇಲೆ ವಿಜಯನ ದನಿ ತೇಲಿತು. ಮೈಸೂರಿನ ರಾಗ, ಎಳೆದ ಕೊನೆಗಳು. ಎಲ್ಲರಿಗೂ ನಮಸ್ಕಾರ ಹೇಳಿ, ತನ್ನ ಡ್ರೈವ್‌ವೇಯ ಹಿಮದ ಬಗ್ಗೆ ಗೊಣಗಿ, ನೇಪರ್‌ವಿಲ್‌ನ ಶಂಕರ್‌ಗೆ ಸರದಿ ಕೊಟ್ಟ. ಶಂಕರ್ ತನ್ನ ಹೊಸ ಆಂಟೆನಾ ಕಂಬದ ಸುದ್ದಿ ಹೇಳಿದ. ಅವನಿಗೂ ಫೈವ್ ನೈನ್. ಆಮೇಲೆ, "ಈಗ ನಮ್ಮ ಇಸ್ಹಾಕ್ ಭಾಯ್. ಹೊಸ ಮೈಕು ಅಂತ ವಾಟ್ಸಾಪಲ್ಲಿ ಹಾಕಿದ್ರಿ. ಕೇಳ್ಸಿ ನೋಡಣ," ಎಂದ.

ಇಸ್ಹಾಕ್ ಬಲಗೈಯಿಂದ ಮೈಕಿನ ಕತ್ತು ಹಿಡಿದು ಕಣ್ಣು ಮುಚ್ಚಿದ. ಮಾತಾಡುವ ಮೊದಲು ಉಸಿರು ತುಂಬಿಕೊಳ್ಳಲು ಅವನಿಗೆ ಈಗ ಹಾಗೆ ಮಾಡಬೇಕಾಗುತ್ತಿತ್ತು.

ಫರೀದಾಳ ಎಡಗೈ ಬುಡದ ಕೆಳಗಿತ್ತು. ಬಲಗೈಯ ಸ್ಕ್ರೂಡ್ರೈವರ್ ತೂತಿನೊಳಗಿತ್ತು. ಅವಳು ಯೋಚಿಸಲಿಲ್ಲ, ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ತಿರುಪನ್ನು ಹಿಂದಕ್ಕೆ ತಿರುಗಿಸಿದಳು, ಅದು ಇನ್ನು ತಿರುಗುವುದಿಲ್ಲ ಎನ್ನುವವರೆಗೆ.

ಅವನು ಪಟ್ಟಿ ಒತ್ತಿ, ಕರೆಗುರುತು ಹೇಳಿ ಶುರುಮಾಡಿದ. ಹೊಸ ಮೈಕು ಅಂದರೆ ಬಹಳ ಹಳೆಯದು, ಮನೆಯ ಇಂಜಿನಿಯರು ಜೋಡಿಸಿ ಕೊಟ್ಟಿದ್ದಾಳೆ ಎಂದ. ಮುಳ್ಳು ಸತ್ತಂತೆ ಮಲಗಿತ್ತು. ಫರೀದಾ ಅದನ್ನು ನೋಡದೆ ಅವನ ತುಟಿ ನೋಡುತ್ತಿದ್ದಳು. ತುಟಿ ನಿಂತಿತು. ಮತ್ತೆ ಶುರುವಾಯಿತು.

"ಒಂದು ವಿಷಯ ಹೇಳ್ಬೇಕಿತ್ತು ವಿಜಯ್. ಮಂಗಳವಾರದ ಆಪರೇಷನ್ ನಾನು ಶುಕ್ರವಾರನೇ ಕ್ಯಾನ್ಸಲ್ ಮಾಡಿದೀನಿ. ಆಸ್ಪತ್ರೆ ಆಪ್‌ನಲ್ಲಿ ಒತ್ತಿದ್ರೆ ಆಯ್ತು, ಯಾರ ಹತ್ರಾನೂ ಮಾತಾಡ್ಬೇಕಾಗ್ಲಿಲ್ಲ. ಫರೀದಾಗೆ ಹೇಳಿಲ್ಲ. ಇಲ್ಲೇ ಕೂತಿದಾಳೆ, ಈಗ ಕೇಳಿಸ್ಕೋತಿದಾಳೆ. ಈ ದನಿಗೆ ಏನಾಗಿದೆ, ನೀನೇ ಹೇಳು ಅವಳಿಗೆ."

ಅವನು ಪಟ್ಟಿ ಬಿಟ್ಟ.

ಫರೀದಾಳ ಕೈ ಬುಡದ ಕೆಳಗೆ ಹಾಗೆಯೇ ಇತ್ತು. ಶುಕ್ರವಾರ ಸಂಜೆ ಅವಳು ಆಸ್ಪತ್ರೆಗೆ ಒಯ್ಯುವ ಚೀಲ ತುಂಬಿಟ್ಟಿದ್ದಳು. ಅವನು ಪಕ್ಕದಲ್ಲಿ ನಿಂತು ಚಪ್ಪಲಿ ಯಾವುದು ಇಡಲಿ ಎಂದು ಕೇಳಿದ್ದ.

ಸ್ಪೀಕರ್ ಬರೀ ಮೊರೆಯಿತು. ಆಮೇಲೆ ವಿಜಯ್ ಬಂದ.

"ರೋಜರ್ ರೋಜರ್ ಭಾಯ್. ಶಾಮ್‌ಬರ್ಗ್‌ಗೆ ಫೈವ್ ನೈನ್. ಮೈಕು ಸೂಪರು. ವಾಯ್ಸು ಮೊದ್ಲಿನ್ ಥರಾನೇ ಇದೆ. ನೀವು ಹೇಳಿದ್ದು ಕೇಳಿ ತುಂಬಾ ಖುಷಿಯಾಯ್ತು. ಹಾಗೇ ಮಾಡಿ, ಒಳ್ಳೇದೇ ಆಗತ್ತೆ."

ಇಸ್ಹಾಕ್ ಪಟ್ಟಿ ಒತ್ತಲಿಲ್ಲ. ಅವನು ಮುಳ್ಳನ್ನು ನೋಡುತ್ತಿದ್ದ. ಆಮೇಲೆ ಬಗ್ಗಿ, ಬುಡದ ಕೆಳಗಿನ ಅವಳ ಕೈ ನೋಡಿದ.

"ತಿರುಗಿಸು," ಎಂದ. "ಎಷ್ಟಿತ್ತೋ ಅಷ್ಟಕ್ಕೆ."

ತಿರುಗಿಸಿದಳು. ಅವನು ಪಟ್ಟಿ ಒತ್ತಿ, "ನಾನೇನು ಹೇಳ್ದೆ ಅಂತ ಹೇಳಪ್ಪ ವಿಜಯ್," ಎಂದ. ಈ ಸಲ ಮುಳ್ಳು ನೆಗೆಯಿತು.

ಆ ಕಡೆ ಗಲಿಬಿಲಿ. ಈಗ ಏನೋ ಬಂತು, ತುಂಬ ಜೋರಾಗಿ ಬಂತು, ಇನ್ನೊಂದು ಸಲ ಹೇಳಬೇಕು ಎಂದ ವಿಜಯ್. ಇಸ್ಹಾಕ್ ಇನ್ನೊಂದು ಸಲ ಹೇಳಿದ. ಗಾಳಿ ಬರುತ್ತಿದೆ ಭಾಯ್, ಪದ ಸಿಗುತ್ತಿಲ್ಲ ಎಂದ ವಿಜಯ್. ಮೂರನೆಯ ಸಲ ಇಸ್ಹಾಕನಿಗೆ ಉಸಿರು ಸಾಲದೆ ಕೆಮ್ಮು ಬಂತು. ಅವನು ಮೈಕನ್ನು ದೂರ ಮಾಡಿ, ಬಾಗಿ ಕೆಮ್ಮಿದ.

ಫರೀದಾ ಮೈಕನ್ನು ತನ್ನ ಕಡೆ ಎಳೆದುಕೊಂಡಳು. ಲೈಸೆನ್ಸಿದ್ದವನು ಪಕ್ಕದಲ್ಲಿದ್ದರೆ ಇನ್ನೊಬ್ಬರು ಮಾತಾಡಬಹುದು, ಅಷ್ಟು ಅವಳಿಗೂ ಗೊತ್ತಿತ್ತು.

"ವಿಜಯ್, ನಾನು ಫರೀದಾ."

ಪಿಸುದನಿಗೆಂದು ಏರಿಸಿಟ್ಟ ಮೈಕಿಗೆ ಅವಳ ದನಿ ಬಿದ್ದದ್ದೇ ಮುಳ್ಳು ಕೆಂಪು ಗೆರೆಯ ಆಚೆ ಬಡಿಯಿತು. ಅವಳು ಹಿಂದೆ ಸರಿದು ಮೆತ್ತಗೆ ಮಾತಾಡಿದಳು.

"ಇವ್ರು ಆಗ್ಲೇ ಮಾತಾಡಿದಾಗ ಮೈಕಿನ ದನಿ ಸೊನ್ನೆಗಿತ್ತು. ನಾನೇ ಇಳಿಸಿದ್ದು. ನಿಮ್ಗೆ ಒಂದಕ್ಷರಾನೂ ಬಂದಿರಕ್ಕೆ ಸಾಧ್ಯ ಇಲ್ಲ. ನೀವು ಫೈವ್ ನೈನ್ ಅಂದ್ರಿ. ಹಾಗೇ ಮಾಡಿ ಅಂದ್ರಿ. ಅವ್ರು ಏನ್ ಹೇಳಿದ್ರು ಗೊತ್ತಾ? ಆಪರೇಷನ್ ಬೇಡ ಅಂತ ಕ್ಯಾನ್ಸಲ್ ಮಾಡಿದೀನಿ ಅಂದ್ರು."

ಮೊರೆತ. ಶಂಕರ್ ಎಲ್ಲೋ ಇದ್ದ, ಉಳಿದವರೂ ಇದ್ದರು. ಯಾರೂ ಗುಂಡಿ ಒತ್ತಲಿಲ್ಲ.

"ಭಾಬಿ," ಎಂದ ವಿಜಯ್ ಕೊನೆಗೆ. ರಾಗ ಹೋಗಿತ್ತು. "ನಂಗೆ... ಅಕ್ಟೋಬರಿಂದ ಸರಿಯಾಗಿ ಕೇಳ್ಸಿಲ್ಲ. ಅಲ್ಲೊಂದು ಇಲ್ಲೊಂದು ಮಾತು ಸಿಗ್ತಿತ್ತು. ಈ ತಿಂಗಳು ಅದೂ ಇಲ್ಲ. ಗಡಿಯಾರ ನೋಡ್ಕೊಂಡು ಕೂತಿರ್ತೀನಿ. ಭಾಯ್ ಒಂದೂವರೆ ನಿಮಿಷ ಮಾತಾಡ್ತಾರೆ, ಆಮೇಲೆ ರೋಜರ್ ಅಂತೀನಿ. ಕೇಳಿಸ್ತಿಲ್ಲ ಅಂದ್ರೆ ನೆಟ್ಟಿಗೆ ಬರೋದೇ ನಿಲ್ಸಿಬಿಡ್ತಾರೆ ಅಂತ. ಎಲ್ರೂ ಹಂಗೇ ಅನ್ಕೊಂಡಿದ್ವಿ."

ಇಸ್ಹಾಕ್ ಕೈ ಚಾಚಿದ. ಅವಳು ಮೈಕ್ ಕೊಟ್ಟಳು. ಅವನು ನಿಧಾನವಾಗಿ, ಒಂದೊಂದು ಪದಕ್ಕೂ ಉಸಿರು ಬಿಟ್ಟು ಹೇಳಿದ: "ಈಗ. ನಿಜ. ರಿಪೋರ್ಟ್."

ಕಾದರು.

"ತ್ರೀ ಸೆವೆನ್ ಭಾಯ್," ಎಂದ ವಿಜಯ್. "ಜೋರಾಗಿದೆ, ಮೈಕು ಎತ್ಕೊಂಡ್ ಬರ್ತಿದೆ. ಆದ್ರೆ ಗಾಳೀನೇ ಬರ್ತಿದೆ. ಮೂರು ಪದಾನ ಬಿಡಿಬಿಡಿಯಾಗಿ ಹೇಳಿದ್ರಿ, ಅದಕ್ಕೆ ಸಿಕ್ತು. ಸಾರಿ ಭಾಯ್."

ಎರಡನೆಯ ಅಂಕಿಯನ್ನು ಏರಿಸಲು ಫರೀದಾಳ ಸ್ಕ್ರೂಡ್ರೈವರಿಗೆ ಸಾಧ್ಯವಿತ್ತು. ಮೊದಲನೆಯದು ಮೈಕಿನ ಬುಡದಲ್ಲಿರಲಿಲ್ಲ. ಇಸ್ಹಾಕ್ ಕರೆಗುರುತು ಹೇಳಿ, ರೇಡಿಯೊ ಆರಿಸಿದ. ಕೋಣೆಯಲ್ಲಿ ಫರ್ನೇಸಿನ ಸದ್ದು ಮಾತ್ರ ಉಳಿಯಿತು.

ಅವನು ಕಿರುಚಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನಿಗೆ ಕಿರುಚಲು ಆಗುತ್ತಿರಲಿಲ್ಲ.

"ನನ್ನ ಬಾಯಿ ಮುಚ್ಚಿಸ್ದೆ ನೀನು. ನಾನು ಮಾತಾಡ್ತಿರೋವಾಗ."

"ಹೌದು."

"ಗೊತ್ತಾಗಲ್ಲ ಅನ್ಕೊಂಡ್ಯಾ? ಮಧ್ಯದಲ್ಲೇ ಕಣ್ಣು ಬಿಟ್ಟಿದ್ದೆ. ಮುಳ್ಳು ಬಿದ್ಕೊಂಡಿತ್ತು."

ಅವಳು ತಲೆಯೆತ್ತಿದಳು. "ಮತ್ತೆ ಯಾಕೆ ನಿಲ್ಲಿಸ್ಲಿಲ್ಲ?"

ಅವನು ಪ್ಲಗ್ಗಿನ ಬೆಸುಗೆಯನ್ನು ಉಗುರಿನಿಂದ ಸವರಿದ. ಆಮೇಲೆ, "ಅವನು ಏನಂತಾನೆ ನೋಡ್ಬೇಕಿತ್ತು," ಎಂದ.

"ನೀವು ಕ್ಯಾನ್ಸಲ್ ಮಾಡಿ, ಚಪ್ಪಲಿ ಯಾವುದಿಡ್ಲಿ ಅಂತ ಕೇಳಿದ್ರಿ."

ಅವನು ಮೇಜಿನ ಮೇಲೆ ಹರಡಿದ್ದ ತಂತಿ ತುಂಡುಗಳನ್ನು ಒಂದು ಬದಿಗೆ ಸರಿಸಿದ. ಅವಳಿಗೆ ಕ್ಷಮೆ ಕೇಳಬೇಕೆನಿಸಲಿಲ್ಲ, ಅವನಿಂದ ಕೇಳಿಸಿಕೊಳ್ಳಬೇಕೆಂದೂ ಅನಿಸಲಿಲ್ಲ. ಅವನು ಜೇಬಿನಿಂದ ಫೋನ್ ತೆಗೆದು ಆಪ್ ತೆರೆದ. ರದ್ದು ಮಾಡುವ ಗುಂಡಿ ಇದ್ದ ಜಾಗದಲ್ಲಿ ಈಗ ಬೇರೆ ಮಾತಿತ್ತು: ಮತ್ತೆ ದಿನ ಪಡೆಯಲು ದಯವಿಟ್ಟು ಕರೆ ಮಾಡಿ. ಅವನು ಆ ಸಾಲನ್ನು ಅವಳಿಗೂ ತೋರಿಸಿದ. ಆಮೇಲೆ ತಾನೇ ನಂಬರು ಒತ್ತಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ.

ಭಾನುವಾರದ ಡ್ಯೂಟಿಯಲ್ಲಿದ್ದ ನರ್ಸ್ ಫೋನೆತ್ತಿದಳು. ಫರೀದಾ ಇಂಗ್ಲಿಷಿನಲ್ಲಿ ವಿಷಯ ಹೇಳತೊಡಗಿದಳು. ನರ್ಸ್ ಮೃದುವಾಗಿ ತಡೆದಳು. ಪೇಷಂಟಿನ ಒಪ್ಪಿಗೆಯಿಲ್ಲದೆ ನಿಮ್ಮ ಜೊತೆ ನಾನು ಏನೂ ಮಾತಾಡುವಂತಿಲ್ಲ ಮ್ಯಾಮ್. ಅವರೇ ತಮ್ಮ ಹೆಸರು, ಹುಟ್ಟಿದ ದಿನ ಹೇಳಿ, ಹೆಂಡತಿ ಮಾತಾಡಬಹುದು ಎಂದು ಹೇಳಬೇಕು. ಅವರಿಗೆ ದನಿಯಿಲ್ಲ, ಅದಕ್ಕೇ ಆಪರೇಷನ್ ಎಂದಳು ಫರೀದಾ. ಅರ್ಥವಾಗುತ್ತದೆ ಮ್ಯಾಮ್, ಆದರೂ ಅವರ ಬಾಯಿಂದಲೇ ಕೇಳಬೇಕು.

ಇಸ್ಹಾಕ್ ಫೋನಿನ ಮೇಲೆ ಬಾಗಿ ಹೆಸರು ಹೇಳಿದ.

"ಸರ್, ಯು ದೇರ್?" ಎಂದಳು ನರ್ಸ್. "ಏನೂ ಕೇಳಿಸುತ್ತಿಲ್ಲ."

ಮತ್ತೆ ಹೇಳಿದ. ಫರ್ನೇಸಿನ ಸದ್ದೇ ಅದಕ್ಕಿಂತ ಜೋರಾಗಿತ್ತು. ಫರೀದಾ ಬಾಯಿ ತೆರೆದಳು. ಅವನು ಕೈಯೆತ್ತಿ ತಡೆದ. ಲೈನಿನ ಆ ಕಡೆ ಇನ್ನೊಂದು ಫೋನ್ ಬಡಿದುಕೊಳ್ಳತೊಡಗಿತು. ಒಂದು ಕ್ಷಣ ಹೋಲ್ಡ್ ಮಾಡುತ್ತೇನೆ, ಇಲ್ಲವಾದರೆ ನಾಳೆ ಆಫೀಸು ತೆರೆದ ಮೇಲೆ ಮಾಡಿ, ಆದರೆ ಮಂಗಳವಾರದ ಜಾಗ ಅಷ್ಟರಲ್ಲಿ ಇರುತ್ತದೆಂದು ಹೇಳಲಾರೆ ಎಂದಳು ನರ್ಸ್.

ಆಗ ಅವನು ಹೆಬ್ಬೆರಳನ್ನು ಕತ್ತಿನ ಎಡಕ್ಕೆ, ಗಾಯದ ಗೆರೆಯ ಸ್ವಲ್ಪ ಮೇಲಕ್ಕೆ ಇಟ್ಟ. ಹುಡುಕಿದ. ಒಳಕ್ಕೆ ಒತ್ತಿದ. ಕ್ಲಿನಿಕ್ಕಿನಲ್ಲಿ ಡಾಕ್ಟರು ಒಮ್ಮೆ ಹಾಗೆ ಒತ್ತಿ ತೋರಿಸಿದ್ದರು, ಆ ತುಣುಕು ಇಷ್ಟೇ ಕೆಲಸ ಮಾಡುತ್ತದೆ ಎಂದು. ಅವನು ಅಂದು ಅವರ ಕೈಯನ್ನು ತಳ್ಳಿಬಿಟ್ಟಿದ್ದ. ಈಗ ನೋವಿಗೆ ಅವನ ಕಣ್ಣು ಕಿರಿದಾಯಿತು.

"ಇಸ್ಹಾಕ್," ಎಂದ.

ಒಡೆದ ದನಿ, ಒರಟು ದನಿ, ಆದರೆ ದನಿ. ಫರೀದಾ ಅದನ್ನು ಸೆಪ್ಟೆಂಬರಿನಿಂದ ಕೇಳಿರಲಿಲ್ಲ. ಹುಟ್ಟಿದ ದಿನ ಹೇಳಿದ, ತಿಂಗಳು ಹೇಳಿದ, ವರ್ಷಕ್ಕೆ ಬರುವಷ್ಟರಲ್ಲಿ ಬೆರಳು ಜಾರಿ ದನಿ ಗಾಳಿಯಾಯಿತು. ಮತ್ತೆ ಒತ್ತಿ, ವರ್ಷ ಹೇಳಿದ. ನನ್ನ ಹೆಂಡತಿ ಮಾತಾಡುತ್ತಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದ.

"ಗಾಟ್ ಇಟ್, ಸರ್," ಎಂದಳು ನರ್ಸ್. "ಹೇಳಿ ಮ್ಯಾಮ್."

ಫರೀದಾ ಫೋನನ್ನು ತನ್ನ ಕಡೆ ಎಳೆದುಕೊಂಡಳು. ಅವಳು ಮಂಗಳವಾರ ಎಂದು ಶುರುಮಾಡುವವರೆಗೂ ಅವನು ಕತ್ತಿನಿಂದ ಬೆರಳು ತೆಗೆಯಲಿಲ್ಲ.